ನಮ್ಮ ಚರ್ಚ್‌ನ ಫುಟ್‌ಬಾಲ್ ತಂಡಕ್ಕೂ ಇತಿಹಾಸ ಇರುತ್ತಾ?

ಮೈಸೂರಿನ ನಿಮ್ಮ ಚರ್ಚ್‌ನ ಫುಟ್‌ಬಾಲ್ ತಂಡದ ಇತಿಹಾಸ ಬರೆಯುವ ಕೆಲಸ ನಿಮ್ಮ ಪಾಲಿಗೆ ಬಂದಿದೆ. ಕೈಯಲ್ಲಿ ದಾಖಲೆ ಇಲ್ಲ. ಭಾನುವಾರ ಆಡುವ ಹುಡುಗರ ತಂಡಕ್ಕೆ ಇತಿಹಾಸ ಅಂತ ಇರುತ್ತಾ ಎಂದು ಕೇಳಿದ್ದೀರಿ. ಖಂಡಿತ ಇರುತ್ತದೆ. ನಾನೂ ಮೈಸೂರಿನವನೇ, ಚರ್ಚ್ ತಂಡದಲ್ಲಿ ಡಿಫೆನ್ಸ್ ಆಡಿಕೊಂಡು ಬೆಳೆದವನು. ಈ ವಿಷಯ ಬಂದರೆ ಸುಮ್ಮನಿರಲು ಆಗುವುದಿಲ್ಲ, ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಟಿವಿಯಲ್ಲಿ ನೋಡುವ ಎಷ್ಟೋ ದೊಡ್ಡ ಕ್ಲಬ್‌ಗಳು ನಿಮ್ಮ ತಂಡದ ಹಾಗೇ ಶುರುವಾದವು. ಬರ್ಮಿಂಗ್‌ಹ್ಯಾಮ್‌ನ ಒಂದು ವೆಸ್ಲಿಯನ್ ಚಾಪೆಲ್‌ನಲ್ಲಿ, ಅಂದರೆ ಪ್ರಾಟೆಸ್ಟೆಂಟ್ ಪಂಗಡವೊಂದರ ಸಣ್ಣ ಚರ್ಚ್‌ನಲ್ಲಿ, ಕ್ರಿಕೆಟ್ ಆಡುತ್ತಿದ್ದ ಹುಡುಗರಿಗೆ ಚಳಿಗಾಲಕ್ಕೂ ಒಂದು ಆಟ ಬೇಕಿತ್ತು. 1874ರಲ್ಲಿ ಅವರು ಕಟ್ಟಿದ್ದೇ ಆಸ್ಟನ್ ವಿಲ್ಲಾ. ಎವರ್ಟನ್ 1878ರಲ್ಲಿ ಲಿವರ್‌ಪೂಲ್‌ನ ಸೇಂಟ್ ಡೊಮಿಂಗೊ ಮೆಥಡಿಸ್ಟ್ ಚಾಪೆಲ್‌ನ ತಂಡವಾಗಿತ್ತು. ಸೌತಾಂಪ್ಟನ್ 1885ರಲ್ಲಿ ಸೇಂಟ್ ಮೇರೀಸ್ ಚರ್ಚ್‌ನ ಯುವಕರ ಸಂಘದಿಂದ ಬಂತು, ಅವರನ್ನು ಇವತ್ತಿಗೂ ‘ಸೇಂಟ್ಸ್’ ಅಂತಲೇ ಕರೆಯುತ್ತಾರೆ. ಮ್ಯಾಂಚೆಸ್ಟರ್ ಸಿಟಿಯ ಮೂಲ ವೆಸ್ಟ್ ಗಾರ್ಟನ್‌ನ ಸೇಂಟ್ ಮಾರ್ಕ್ಸ್ ಚರ್ಚ್. ಅವರ ದಾಖಲಾದ ಮೊದಲ ಪಂದ್ಯ ನಡೆದಿದ್ದು 1880ರ ನವೆಂಬರ್‌ನಲ್ಲಿ. ಎದುರಾಳಿ ಮ್ಯಾಕಲ್ಸ್‌ಫೀಲ್ಡ್‌ನ ಬ್ಯಾಪ್ಟಿಸ್ಟ್ ಚರ್ಚ್ ತಂಡ. ಸಿಟಿಯವರು 2–1ರಿಂದ ಸೋತರು.

ಚರ್ಚ್‌ಗಳಲ್ಲೇ ಯಾಕೆ? ಮೊದಲನೆಯದು ಬಿಡುವು. ಬ್ರಿಟನ್ನಿನ 1850ರ ಕಾಯ್ದೆ ಬಟ್ಟೆ ಗಿರಣಿಗಳಲ್ಲಿ ಹೆಂಗಸರು, ಹದಿಹರೆಯದವರ ಶನಿವಾರದ ಕೆಲಸವನ್ನು ಮಧ್ಯಾಹ್ನ 2 ಗಂಟೆಗೆ ನಿಲ್ಲಿಸಿತು. ಆಮೇಲೆ ಶನಿವಾರದ ಅರ್ಧ ರಜೆ ಬೇರೆ ಕೆಲಸಗಾರರಿಗೂ ಸಿಗುತ್ತಾ ಬಂತು. ಆ ಮಧ್ಯಾಹ್ನ ಹುಡುಗರು ಹೆಂಡದಂಗಡಿ ಸೇರದಿರಲಿ ಅನ್ನುವುದು ಪಾದ್ರಿಗಳ ಚಿಂತೆ. ಇನ್ನೊಂದು ಕಾರಣ ತೀರಾ ಸರಳ, ನನಗೆ ಅದೇ ಮುಖ್ಯ ಅನಿಸುತ್ತದೆ. ತಂಡ ಕಟ್ಟಲು ಸೇರುವುದಕ್ಕೊಂದು ಜಾಗ, ಒಂದಷ್ಟು ಹುಡುಗರು, ಚಂದಾ ಎತ್ತಿ ಲೆಕ್ಕ ಇಡುವ ಒಬ್ಬ ಹಿರಿಯ ಬೇಕು. ಮೂರೂ ಚರ್ಚ್‌ನಲ್ಲಿ ಮೊದಲೇ ಇದ್ದವು.

ಆದರೆ ಈ ಕ್ಲಬ್‌ಗಳ ಕತೆಯಲ್ಲಿ ನನ್ನನ್ನು ಜಾಸ್ತಿ ಹಿಡಿದಿರುವುದು ಜಗಳಗಳು. ಬೋಲ್ಟನ್‌ನಲ್ಲಿ 1874ರಲ್ಲಿ ಕ್ರೈಸ್ಟ್ ಚರ್ಚ್‌ನ ಸಂಡೇ ಸ್ಕೂಲ್ ಹುಡುಗರು ತಂಡ ಕಟ್ಟಿದರು. ಅಧ್ಯಕ್ಷರು ಅಲ್ಲಿನ ಪಾದ್ರಿಗಳೇ. ತಾವಿಲ್ಲದೆ ಸಭೆ ಸೇರಕೂಡದು ಅಂತ ಅವರು ಪಟ್ಟು ಹಿಡಿದರು. 1877ರಲ್ಲಿ ಹುಡುಗರು ಚರ್ಚ್ ಬಿಟ್ಟು ಹೊರಬಂದರು. ಸ್ವಂತ ಮೈದಾನ ಇಲ್ಲದೆ ಅಲೆಯುತ್ತಿದ್ದವರು ತಂಡಕ್ಕೆ ‘ವಾಂಡರರ್ಸ್’, ಅಂದರೆ ಅಲೆಮಾರಿಗಳು, ಅಂತ ಹೆಸರಿಟ್ಟುಕೊಂಡರು. ಬಾರ್ನ್‌ಸ್ಲಿಯಲ್ಲಿ ಇದರ ಉಲ್ಟಾ. ಟಿವರ್ಟನ್ ಪ್ರೀಡಿ ಅನ್ನುವ ಯುವ ಪಾದ್ರಿ ಊರಿನ ರಗ್ಬಿ ಕ್ಲಬ್‌ನಲ್ಲಿದ್ದರು. ಕ್ಲಬ್‌ನವರು ಗುಡ್‌ಫ್ರೈಡೇ ದಿನವೇ ಪಂದ್ಯ ಇಟ್ಟರು. ಪ್ರೀಡಿ ಕ್ಲಬ್ ಬಿಟ್ಟು 1887ರಲ್ಲಿ ತಮ್ಮ ಸೇಂಟ್ ಪೀಟರ್ಸ್ ಚರ್ಚ್ ಹೆಸರಿನಲ್ಲಿ ಫುಟ್‌ಬಾಲ್ ತಂಡವನ್ನೇ ಶುರು ಮಾಡಿಬಿಟ್ಟರು. ಈಗಿನ ಬಾರ್ನ್‌ಸ್ಲಿ ಕ್ಲಬ್ ಅದೇ.

ಗ್ಲಾಸ್ಗೋದ ಸೆಲ್ಟಿಕ್‌ನ ಕತೆ ಓದಿದರೆ ಮನಸ್ಸು ಭಾರವಾಗುತ್ತದೆ. 1887ರಲ್ಲಿ ಬ್ರದರ್ ವಾಲ್‌ಫ್ರಿಡ್ ಸೇಂಟ್ ಮೇರೀಸ್ ಚರ್ಚ್ ಹಾಲ್‌ನಲ್ಲಿ ಅದನ್ನು ಸ್ಥಾಪಿಸಿದ್ದು ಬಡ ಮಕ್ಕಳ ಊಟಕ್ಕೆ ದುಡ್ಡು ಕೂಡಿಸಲು. 1892ರಲ್ಲಿ ಅವರಿಗೆ ಲಂಡನ್‌ಗೆ ವರ್ಗವಾಯಿತು. 1897ರಲ್ಲಿ ಕ್ಲಬ್ ಲಿಮಿಟೆಡ್ ಕಂಪನಿಯಾಯಿತು. ಹತ್ತೇ ವರ್ಷ! ದುಡ್ಡು ಹರಿದುಬಂದ ಕ್ಲಬ್‌ಗಳು ಹೀಗೆ ಬೇರೆ ದಾರಿ ಹಿಡಿದವು. ಕೈಯಿಂದ ಖರ್ಚು ಹಾಕಿಕೊಂಡು ಆಡಿದವರು ಚರ್ಚ್ ಜೊತೆಗೇ ಉಳಿದರು. ನಿಮ್ಮ ತಂಡ, ನನ್ನ ತಂಡ ಎರಡೂ ಈ ಎರಡನೇ ಸಾಲಿನವು.

ನಮ್ಮ ದೇಶಕ್ಕೂ ಈ ಆಟದ ಒಂದು ದಾರಿ ಮಿಷನ್ ಶಾಲೆಗಳ ಮೂಲಕವೇ ಬಂದಿದೆ. ಆ ದಾರಿ ಎಲ್ಲ ಕಡೆ ಚಂದವಾಗಿರಲಿಲ್ಲ. 1891ರಲ್ಲಿ ಶ್ರೀನಗರದ ಮಿಷನ್ ಶಾಲೆಗೆ ಅಲ್ಲಿನ ಇಂಗ್ಲಿಷ್ ಮಿಷನರಿ ಟಿಂಡೇಲ್ ಬಿಸ್ಕೋ ಚರ್ಮದ ಚೆಂಡು ತಂದಾಗ, ಮೈಲಿಗೆ ಅಂತ ಹಿಂಜರಿದ ಬ್ರಾಹ್ಮಣ ಹುಡುಗರನ್ನು ಕೋಲು ಹಿಡಿದು ಆಡಿಸಿದರು. ಅದನ್ನೂ ಮುಚ್ಚಿಡದೆ ಹೇಳಬೇಕು. ಮೈಸೂರಿನಲ್ಲಿ ವೆಸ್ಲಿಯನ್ ಮಿಷನ್‌ನವರ ಹಾರ್ಡ್ವಿಕ್ ಶಾಲೆ ಇದೆ, ಕ್ಯಾಥೊಲಿಕ್ ಶಾಲೆಗಳಿವೆ. ನಿಮ್ಮ ಹಿರಿಯ ಆಟಗಾರರು ಯಾವ ಶಾಲೆಯಲ್ಲಿ ಓದಿದರು ಅಂತ ಮೊದಲು ಕೇಳಿ. ಚೆಂಡು ಕಾಲಿಗೆ ಸಿಕ್ಕಿದ್ದು ಎಲ್ಲಿ ಅನ್ನುವುದಕ್ಕೆ ಉತ್ತರ ಅಲ್ಲೇ ಸಿಗಬಹುದು.

ಇನ್ನು ಕೆಲಸದ ಮಾತು. ದಾಖಲೆ ಇಲ್ಲ ಅಂದಿರಿ ಅಲ್ವಾ, ತಂಡದ ಹೆಸರಿನ ಫೈಲ್ ಇಲ್ಲ ಅಷ್ಟೇ. ಚರ್ಚ್‌ನ ಹಳೇ ಖರ್ಚಿನ ಪುಸ್ತಕ ತೋರಿಸಿ ಅಂತ ಫಾದರ್ ಹತ್ತಿರ ಕೇಳಿ. ಚೆಂಡು, ನೆಟ್, ಬನಿಯನ್‌ಗೆ ಕೊಟ್ಟ ದುಡ್ಡು ಅದರಲ್ಲಿ ತಾರೀಖಿನ ಸಮೇತ ಸಿಗುತ್ತದೆ. ಹಬ್ಬದ ಸ್ಮರಣ ಸಂಚಿಕೆಗಳಲ್ಲಿ ಫೋಟೊ, ಗೆದ್ದವರ ಹೆಸರು ಇರುತ್ತವೆ. ಕಪ್‌ಗಳನ್ನು ಅಟ್ಟದಿಂದ ಇಳಿಸಿ ಒರೆಸಿ ನೋಡಿ, ಕೆತ್ತಿದ ಇಸವಿ ಓದಬಹುದು.

ಫೋಟೊದಲ್ಲಿ ತಾರೀಖು ಇಲ್ಲದಿದ್ದರೆ ಹಿನ್ನೆಲೆ ನೋಡಿ. ಸೇಂಟ್ ಫಿಲೋಮಿನಾ ಚರ್ಚ್‌ನ ಎರಡೂ ಗೋಪುರ ಕಂಡರೆ ಅದು 1933ಕ್ಕಿಂತ ಹಳೆಯದಲ್ಲ, ಅಡಿಗಲ್ಲು ಹಾಕಿದ್ದೇ ಆ ವರ್ಷ. ಆಮೇಲೆ ಕಾಲು ನೋಡಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮ ದೇಶದ ತಂಡದ ಹೆಚ್ಚಿನವರು ಬರಿಗಾಲಲ್ಲೇ ಆಡಿದ್ದರು. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ಕೈಯಲ್ಲಿ 10–1ರಿಂದ ಸೋತ ಮೇಲೆ ಬೂಟು ಕಡ್ಡಾಯವಾಯಿತು. ಆದರೆ ಮೊಹಲ್ಲಾದ ಹುಡುಗರು ಎಷ್ಟೋ ವರ್ಷ ಬರಿಗಾಲಲ್ಲೇ ಆಡಿದ್ದಾರೆ. ಬೂಟು ಒಂದನ್ನೇ ನಂಬಿ ಇಸವಿ ಬರೆಯಬೇಡಿ.

ಹಿರಿಯರನ್ನು ಒಬ್ಬೊಬ್ಬರನ್ನೇ ಕೂರಿಸಿ ಕೇಳಬೇಡಿ, ಇಬ್ಬರನ್ನು ಒಟ್ಟಿಗೆ ಕೂರಿಸಿ. ಒಬ್ಬರು ಸ್ಕೋರ್ ಹೇಳಿದರೆ ಇನ್ನೊಬ್ಬರು ತಿದ್ದುತ್ತಾರೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಮೊದಲೇ ಅವರ ಒಪ್ಪಿಗೆ ತೆಗೆದುಕೊಳ್ಳಿ. ತಂಡ ಯಾವಾಗಲಾದರೂ ಒಡೆದಿದ್ದರೆ, ಯಾರೋ ಮುನಿಸಿಕೊಂಡು ಬೇರೆ ತಂಡ ಕಟ್ಟಿದ್ದರೆ, ಆ ಕಡೆಯವರ ಮಾತೂ ಬರಲಿ. ಬೋಲ್ಟನ್ ಹುಡುಗರ ಜಗಳ ಬರೆದಿಟ್ಟಿದ್ದರಿಂದ ತಾನೇ ಇವತ್ತು ನಾವು ಅದರ ಬಗ್ಗೆ ಮಾತಾಡುತ್ತಿರುವುದು?

ಇನ್ನೊಂದು ಮಾತು, ದಯವಿಟ್ಟು ಇದನ್ನು ಬಿಡಬೇಡಿ. ನಮ್ಮ ತಂಡದಲ್ಲಿ ಲಷ್ಕರ್ ಮೊಹಲ್ಲಾದ ಮುಸ್ಲಿಂ ಹುಡುಗರು, ಗಾಂಧಿನಗರದ ಹಿಂದೂ ಹುಡುಗರು ಯಾವಾಗಲೂ ಇದ್ದರು. ಫಾರ್ವರ್ಡ್‌ನಲ್ಲಂತೂ ಅವರದ್ದೇ ಜೋರು. ನಿಮ್ಮಲ್ಲೂ ಇದ್ದಿರಬೇಕು. ನಮ್ಮವರ ಹುಟ್ಟು, ಮದುವೆ ಎಲ್ಲ ಚರ್ಚ್ ಪುಸ್ತಕದಲ್ಲಿ ಸಿಗುತ್ತದೆ, ಇವರದ್ದು ಅಲ್ಲಿ ಸಿಗುವುದಿಲ್ಲ. ಅದಕ್ಕೇ ಫೋಟೊ ಹಿಡಿದುಕೊಂಡು ಮೊದಲು ಅವರ ಮನೆಗಳಿಗೇ ಹೋಗಿ, ಹೆಸರು ಬರೆದುಕೊಂಡು ಬನ್ನಿ.