‘ಮೂರನೇ ರಿಚರ್ಡ್’ ಲೇಖನದ ಬಗ್ಗೆ ನಿಮಗೆ

ನಮಸ್ಕಾರ.

ಷೇಕ್ಸ್‌ಪಿಯರ್‌ನ ‘ಮೂರನೇ ರಿಚರ್ಡ್’ ನಾಟಕದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗೆಂದು ವಾಪಸ್ ಕಳಿಸಿ ಸುಮ್ಮನಾಗಲು ಮನಸ್ಸು ಒಪ್ಪುತ್ತಿಲ್ಲ. ನಾಟಕದ ವಿಧವೆ ಲೇಡಿ ಆನ್ ಬಗ್ಗೆ ನೀವು ಬರೆದ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು.

ಮೊದಲು ತೊಡಕು ಹೇಳಿಬಿಡುತ್ತೇನೆ. ಲೇಖನದ ಮುಕ್ಕಾಲು ಪಾಲು ಬರೀ ಕಥಾಸಾರ. ರಿಚರ್ಡ್ ಅಣ್ಣ ಕ್ಲಾರೆನ್ಸ್‌ನನ್ನು ಕೊಲ್ಲಿಸಿದ, ಆಸ್ಥಾನದ ಪ್ರಭು ಹೇಸ್ಟಿಂಗ್ಸ್‌ನ ತಲೆ ತೆಗೆಸಿದ, ಲಂಡನ್ ಟವರ್‌ನಲ್ಲಿದ್ದ ಹಿರಿಯಣ್ಣ ಎಡ್ವರ್ಡ್‌ನ ಎಳೆಯ ಮಕ್ಕಳನ್ನು ಮುಗಿಸಿದ. ಪ್ರತಿ ಕೊಲೆಗೂ ‘ನೀಚ’, ‘ಕಟುಕ’, ‘ರಾಕ್ಷಸ’ ಎಂದು ಒಂದೊಂದು ಬೈಗುಳ. ನಾನು ಖಳನಾಗಲು ನಿರ್ಧರಿಸಿದ್ದೇನೆ ಎಂದು ರಿಚರ್ಡ್ ತಾನೇ ಮೊದಲ ಸ್ವಗತದಲ್ಲಿ ಹೇಳಿರುವಾಗ, ಅವನು ಕೆಟ್ಟವನೆಂದು ನೀವು ಸಾಬೀತು ಮಾಡುವುದೇನಿದೆ? ಗೊತ್ತಿದ್ದೂ ಗೊತ್ತಿದ್ದೂ ನಾವು ಅವನ ಮಾತಿಗೆ ಹೇಗೆ ಸೋಲುತ್ತೇವೆ ಎಂಬುದೇ ಈ ನಾಟಕದ ಜೀವಾಳ.

ಅದು ನಿಮಗೂ ತಟ್ಟಿದೆ. ಮಾವ ಆರನೇ ಹೆನ್ರಿಯ ಹೆಣದ ಜೊತೆ ಆನ್ ಹೊರಟಿದ್ದಾಳೆ. ಅವಳ ಗಂಡನನ್ನೂ ಮಾವನನ್ನೂ ಕೊಂದವನೇ ಅಡ್ಡಗಟ್ಟಿ ಪ್ರೀತಿಯ ಮಾತಾಡುತ್ತಾನೆ. ಶಪಿಸುತ್ತಾಳೆ, ಅವನ ಮೇಲೆ ಉಗಿಯುತ್ತಾಳೆ. ಅವನು ತನ್ನ ಕತ್ತಿಯನ್ನು ಅವಳಿಗೇ ಕೊಟ್ಟು, ಮಂಡಿಯೂರಿ ಎದೆ ತೆರೆದು ಕೂರುತ್ತಾನೆ. ಕತ್ತಿ ಕೆಳಗೆ ಬೀಳುತ್ತದೆ. ದೃಶ್ಯ ಮುಗಿಯುವಷ್ಟರಲ್ಲಿ ಅವನ ಉಂಗುರ ಅವಳ ಬೆರಳಲ್ಲಿರುತ್ತದೆ. ‘ಆನ್ ಮೇಲೆ ನನಗೆ ಸಿಟ್ಟು ಬರಲಿಲ್ಲ, ನಾನೂ ಕತ್ತಿ ಬಿಟ್ಟುಬಿಡುತ್ತಿದ್ದೆನೇನೋ’ ಎಂದು ನೀವು ಬರೆದಿದ್ದೀರಿ. ಲೇಖನ ಶುರುವಾಗಬೇಕಾದದ್ದು ಅಲ್ಲಿಂದ. ನೀವೋ ಮರುಸಾಲಿನಲ್ಲೇ ಮುಂದಿನ ಕೊಲೆಗೆ ಓಡಿದ್ದೀರಿ.

ಇನ್ನೊಂದು ದೃಶ್ಯದ ಪ್ರಸ್ತಾಪವೇ ಇಲ್ಲ. ಮೂರನೇ ಅಂಕದಲ್ಲಿ ದಸ್ತಾವೇಜು ನಕಲು ಮಾಡುವ ಒಬ್ಬ ಬರಹಗಾರ ಬರುತ್ತಾನೆ. ಅವನಿಗೆ ಹೆಸರಿಲ್ಲ, ಇರುವುದು 14 ಸಾಲು. ಹೇಸ್ಟಿಂಗ್ಸ್‌ನ ಆರೋಪಪಟ್ಟಿಯನ್ನು ಚೊಕ್ಕ ಅಕ್ಷರದಲ್ಲಿ ಬರೆಯಲು ತನಗೇ 11 ಗಂಟೆ ಹಿಡಿಯಿತು, ಐದು ಗಂಟೆ ಹಿಂದೆ ಹೇಸ್ಟಿಂಗ್ಸ್ ಆರೋಪವಿಲ್ಲದೆ ಓಡಾಡಿಕೊಂಡಿದ್ದ ಅನ್ನುತ್ತಾನೆ. ಈ ಮೋಸ ಕಾಣದಷ್ಟು ದಡ್ಡ ಯಾರು, ಕಂಡೆ ಅನ್ನುವ ಧೈರ್ಯ ಯಾರಿಗಿದೆ ಎಂದು ಕೇಳಿ ಹೊರಟುಹೋಗುತ್ತಾನೆ. ನನಗೆ ಇಡೀ ನಾಟಕದಲ್ಲಿ ಅತ್ಯಂತ ಭಯ ಹುಟ್ಟಿಸುವುದು ಇವನು. ದಯವಿಟ್ಟು ಇವನ ಮೇಲೆ ಒಂದು ಪುಟ ಬರೆಯಿರಿ.

ಇತಿಹಾಸದ ವಿಷಯದಲ್ಲಿ ಮಾತ್ರ ಬಿಗಿಯಾಗಿರಬೇಕು. ನಾಟಕದ ರಾಜನನ್ನೂ 1483ರಿಂದ 1485ರವರೆಗೆ ಇಂಗ್ಲೆಂಡ್ ಆಳಿದ ರಾಜನನ್ನೂ ಕಲಸಿಬಿಟ್ಟಿದ್ದೀರಿ. 1478ರಲ್ಲಿ ಕ್ಲಾರೆನ್ಸ್‌ಗೆ ಮರಣದಂಡನೆಯಾದದ್ದು ಹಿರಿಯಣ್ಣ ನಾಲ್ಕನೇ ಎಡ್ವರ್ಡ್‌ನ ಆಳ್ವಿಕೆಯಲ್ಲಿ, ರಾಜದ್ರೋಹದ ಆರೋಪದ ಮೇಲೆ. ರಿಚರ್ಡ್ ಪಟ್ಟಕ್ಕೇರುವ ಮೊದಲೇ, 1482ರಲ್ಲಿ, ಆರನೇ ಹೆನ್ರಿಯ ವಿಧವೆ ರಾಣಿ ಮಾರ್ಗರೆಟ್ ಫ್ರಾನ್ಸ್‌ನಲ್ಲಿ ತೀರಿಕೊಂಡಿದ್ದಳು. ನಾಟಕದಲ್ಲಿ ಅವಳು ಅರಮನೆಯೊಳಗೇ ನಿಂತು ಶಾಪ ಹಾಕುತ್ತಾಳೆ. ಟವರ್‌ನ ಮಕ್ಕಳನ್ನು ಕೊಂದವರು ಯಾರೆಂಬುದು ಇಂದಿಗೂ ಸಾಬೀತಾಗಿಲ್ಲ. 2012ರಲ್ಲಿ ಲೆಸ್ಟರ್‌ನ ಕಾರ್ ಪಾರ್ಕಿಂಗ್ ಅಡಿಯಲ್ಲಿ ಸಿಕ್ಕ ರಿಚರ್ಡ್‌ನ ಅಸ್ಥಿಪಂಜರದ ಬೆನ್ನುಮೂಳೆ ಪಕ್ಕಕ್ಕೆ ಬಾಗಿತ್ತು, ನಾಟಕ ಹೇಳುವ ಸೊರಗಿದ ಕೈ ಇರಲಿಲ್ಲ. ನಾಟಕ ಬರೆದಾಗ ಗದ್ದುಗೆಯ ಮೇಲಿದ್ದ ಮೊದಲನೇ ಎಲಿಜಬೆತ್, ಬಾಸ್‌ವರ್ತ್ ಯುದ್ಧದಲ್ಲಿ ರಿಚರ್ಡ್‌ನನ್ನು ಸೋಲಿಸಿದ ಏಳನೇ ಹೆನ್ರಿಯ ಮೊಮ್ಮಗಳು ಎಂಬುದನ್ನೂ ಓದುಗರಿಗೆ ತಿಳಿಸಿ.

ಕಥಾಸಾರವನ್ನು ಒಂದು ಪ್ಯಾರಾಕ್ಕೆ ಇಳಿಸಿ. ‘ಕೆಟ್ಟವರಿಗೆ ಕೇಡು ತಪ್ಪದು’ ಎಂಬ ಕೊನೆಯ ಪ್ಯಾರಾ ತೆಗೆದುಹಾಕಿ. ಆನ್‌ನಿಂದ ಶುರುಮಾಡಿ, ತಿದ್ದಿದ ಪ್ರತಿಯನ್ನು ನನಗೇ ಕಳಿಸಿ.

ಇಂತಿ,
ಸಂಪಾದಕ