ಓದುಗರ ಪ್ರಶ್ನೆ: ಕಣಪುಂಜದ ಲೆಕ್ಕ

ಪ್ರಶ್ನೆ: ಅತಿವಾಹಕ ಕಣವೇಗವರ್ಧಕವನ್ನು ಕಟ್ಟುವ ಮೊದಲೇ ಅದರಲ್ಲಿ ಪ್ರೋಟಾನ್ ಪುಂಜ ಹೇಗೆ ವರ್ತಿಸುತ್ತದೆಂದು ಕಂಪ್ಯೂಟರಿನಲ್ಲಿ ನೋಡುತ್ತಾರಂತೆ. ಕೋಟ್ಯಂತರ ಕಣಗಳ ಲೆಕ್ಕ ಇಡುವುದು ಹೇಗೆ?
– ಬಿ.ಎಸ್‌ಸಿ. ವಿದ್ಯಾರ್ಥಿನಿ, ಜಮಖಂಡಿ, ಬಾಗಲಕೋಟೆ ಜಿಲ್ಲೆ

ಉತ್ತರ: ಒಂದೊಂದು ಪ್ರೋಟಾನಿನ ಲೆಕ್ಕವನ್ನು ಯಾರೂ ಇಡುವುದಿಲ್ಲ. ಸಾವಿರಾರು ಪ್ರೋಟಾನುಗಳ ಪರವಾಗಿ ಒಂದು ಪ್ರತಿನಿಧಿ ಕಣವನ್ನಿಟ್ಟು, ಅಂಥ ಲಕ್ಷಾಂತರ ಕಣಗಳನ್ನು ಕಾಂತಗಳ ಹಾಗೂ ನಿಯೋಬಿಯಂ ಲೋಹದ ಕುಹರಗಳ (ಕಣಗಳಿಗೆ ವೇಗ ಕೊಡುವ ಟೊಳ್ಳು ಕೋಶಗಳ) ಕ್ಷೇತ್ರದಲ್ಲಿ ಹೆಜ್ಜೆಹೆಜ್ಜೆಯಾಗಿ ನಡೆಸಿ, ಪ್ರತಿ ಹೆಜ್ಜೆಗೂ ಅವುಗಳ ಪರಸ್ಪರ ವಿಕರ್ಷಣೆಯನ್ನು ಹೊಸದಾಗಿ ಲೆಕ್ಕ ಹಾಕುತ್ತಾರೆ. ಶಕ್ತಿ ಕಡಿಮೆಯಿರುವ ಆರಂಭದ ಭಾಗದಲ್ಲಿ ಈ ವಿಕರ್ಷಣೆ ಬಹಳ ಕಾಡುತ್ತದೆ. ವೇಗವು ಬೆಳಕಿನ ವೇಗವನ್ನು ಸಮೀಪಿಸಿದಂತೆ, ಚಲನೆಯಿಂದಲೇ ಹುಟ್ಟುವ ಕಾಂತಕ್ಷೇತ್ರ ಈ ವಿಕರ್ಷಣೆಯನ್ನು ಬಹುಮಟ್ಟಿಗೆ ಸರಿದೂಗಿಸುತ್ತದೆ.

ನನಗೆ ಕಂಡಂತೆ ಲೆಕ್ಕದ ಬಿಗಿ ಇರುವುದು ಪುಂಜದ ಅಂಚಿನಲ್ಲಿ. ಅಲ್ಲಿಂದ ಚದುರಿದ ಕಣಗಳು ಗೋಡೆಗೆ ಬಡಿದರೆ, ಸುಮಾರು 2 ಕೆಲ್ವಿನ್‌ನಲ್ಲಿರುವ ಕುಹರ ಬಿಸಿಯಾಗಿ ಅತಿವಾಹಕತೆಯನ್ನೇ, ಅಂದರೆ ಅತಿ ತಂಪಿನಲ್ಲಿ ವಿದ್ಯುತ್ತಿಗೆ ತಡೆಯೊಡ್ಡದ ಗುಣವನ್ನೇ, ಕಳೆದುಕೊಳ್ಳಬಹುದು. ದುರಸ್ತಿಗೆ ಹೋಗುವವರಿಗೆ ವಿಕಿರಣದ ಭಯವಿರಬಾರದೆಂದು, ಪ್ರಬಲ ಪ್ರೋಟಾನ್ ಯಂತ್ರಗಳಲ್ಲಿ ಕಣನಷ್ಟವು ಮೀಟರಿಗೆ 1 ವಾಟ್ ಮೀರಬಾರದೆಂಬ ವಾಡಿಕೆಯ ಮಿತಿಯೂ ಇದೆ. ಭಾರತವೂ ಪಾಲುದಾರನಾಗಿರುವ, ಅಮೆರಿಕದ ಕಣಭೌತಶಾಸ್ತ್ರ ಪ್ರಯೋಗಾಲಯ ಫರ್ಮಿಲ್ಯಾಬಿನ ಪಿಐಪಿ-2 ಯೋಜನೆಯ 800 ಮೆಗಾ ಎಲೆಕ್ಟ್ರಾನ್‌ವೋಲ್ಟ್ ಯಂತ್ರಕ್ಕೂ ಇಂಥ ಲೆಕ್ಕ ನಡೆದಿದೆ. ಕಾಂತವೊಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಸರಿದು ಕೂತರೆ ಏನಾದೀತೆಂದು ತಿಳಿಯಲು, ಬೇಕೆಂದೇ ಬಗೆಬಗೆಯ ದೋಷಗಳನ್ನು ಸೇರಿಸಿ ಅದೇ ಲೆಕ್ಕವನ್ನು ಮತ್ತೆ ಮತ್ತೆ ಓಡಿಸುತ್ತಾರೆ.