ರಾಯಚೂರಿನ ಖಾಜಿ ಸಾಹೇಬರು ಮತ್ತು ಮದುವೆ ಕಾಗದ

"ನಿಮ್ಮ ರಾಯಚೂರಲ್ಲಿ ಖಾಜಿಗಳು ಬೇರೆ ಕೋರ್ಟನ್ನೇ ನಡೆಸ್ತಾರಂತೆ, ಹೌದಾ?" ಅಂತ ಕೇಳಿದೆಯಲ್ಲ. ಇಲ್ಲ ದೋಸ್ತ. ಖಾಜಿ ಅಂದ್ರೆ ನಮ್ಮ ಮುಸ್ಲಿಮರಲ್ಲಿ ನಿಕಾಹ್ (ಮದುವೆ) ಮಾಡಿಸೋ, ಧರ್ಮದ ನಿಯಮ ತಿಳಿಸೋ ವಿದ್ವಾಂಸರು. ಬಿಜಾಪುರದ ಆದಿಲ್‌ಶಾಹಿ ಸುಲ್ತಾನರ ಕಾಲದಲ್ಲಿ ಖಾಜಿಗೆ ನ್ಯಾಯ ತೀರ್ಮಾನಿಸುವ ಅಧಿಕಾರ ಇತ್ತು. ಈಗ ಇಲ್ಲ. 1880ರ ಖಾಜಿ ಕಾಯ್ದೆಯಲ್ಲೇ ಇದೆ, ಈ ಹುದ್ದೆಯಿಂದ ನ್ಯಾಯಾಧೀಶರ ಅಧಿಕಾರ ಬರಲ್ಲ ಅಂತ. ಫತ್ವಾವನ್ನು, ಅಂದ್ರೆ ಧರ್ಮದ ಪ್ರಶ್ನೆಗೆ ವಿದ್ವಾಂಸರು ಕೊಡೋ ಅಭಿಪ್ರಾಯವನ್ನು, ಯಾರ ಮೇಲೂ ಹೇರುವಂತಿಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಗಂಡ ಹೆಂಡತಿ ಜಗಳ ಬಂದರೆ ಖಾಜಿ ಸಾಹೇಬರು ಎರಡೂ ಮನೆಯವರನ್ನು ಕೂರಿಸಿ ಮಾತಾಡಿಸುತ್ತಾರೆ. ಒಪ್ಪಿದರೆ ಸರಿ, ಇಲ್ಲಾಂದ್ರೆ ಎಲ್ಲರ ಹಾಗೆ ಕೋರ್ಟಿಗೇ ಹೋಗಬೇಕು.

ಹಾಗಂತ ಅವರ ಮಾತಿಗೆ ತೂಕ ಸುಮ್ನೆ ಬಂದಿದ್ದಲ್ಲ. ಸಣ್ಣ ವಯಸ್ಸಿಗೇ ಮದರಸಾ, ವರ್ಷಗಟ್ಟಲೆ ಓದಿ ಆಲಿಂ (ಧರ್ಮ ವಿದ್ವಾಂಸ), ಆಮೇಲೆ ಮುಫ್ತಿ (ಫತ್ವಾ ಕೊಡುವವರು), ಮುಂದೆ ಹಿರಿಯರ ಕೈಕೆಳಗೆ ಕಲಿಕೆ. ಆಸ್ತಿ ಪಾಲು ಕೇಳಿದರೆ ಬಾಯಲ್ಲೇ ಲೆಕ್ಕ ಹೇಳುತ್ತಾರೆ. ಗಂಡ ತೀರಿಕೊಂಡ ಹೆಂಗಸಿಗೆ ಮಕ್ಕಳಿದ್ದರೆ ಎಂಟರಲ್ಲಿ ಒಂದು ಪಾಲು, ಇಲ್ಲದಿದ್ದರೆ ನಾಲ್ಕರಲ್ಲಿ ಒಂದು.

ನಮ್ಮ ನಿಜವಾದ ಗೋಳು ಮದುವೆ ಕಾಗದದ್ದು. ಇಲ್ಲಿ ರಾಜ್ಯದ ಗಡಿ ಆಚೆಯ ಗದ್ವಾಲ, ಕರ್ನೂಲು ಕಡೆ ಹೆಣ್ಣು ಕೊಟ್ಟು ತರೋದು ಮಾಮೂಲು. ನಮ್ಮ ಮನೆಯ ನಿಕಾಹ್‌ನಾಮಾ, ಅಂದ್ರೆ ಮದುವೆ ಕಾಗದ ನೋಡು: ಉರ್ದುವಿನಲ್ಲಿ ಹೆಸರು, ಮೆಹರ್ (ಗಂಡ ಹೆಂಡತಿಗೆ ಕೊಡಬೇಕಾದ ಹಣ), ಸಾಕ್ಷಿಗಳು. ಕೆಳಗೆ ಒಬ್ಬ ಸಾಕ್ಷಿಯ ಸಹಿ ಕನ್ನಡದಲ್ಲಿ, ಇನ್ನೊಬ್ಬರದು ತೆಲುಗಿನಲ್ಲಿ. ನನಗೆ ಆ ಪುಟ ಅಂದ್ರೆ ಬಹಳ ಹೆಮ್ಮೆ, ನಮ್ಮ ಊರು ಇರೋದೇ ಹಾಗೆ. ಆದರೆ ಅದನ್ನು ಹಿಡ್ಕೊಂಡು ಆಫೀಸಿಗೆ ಹೋದರೆ ಅನುವಾದ ತನ್ನಿ ಅಂತಾರೆ. ತಂದರೆ ಆಧಾರ್‌ನಲ್ಲಿ ಹೆಸರು ಬೇರೆ ಥರ ಇದೆ ಅಂತಾರೆ. ಒಬ್ಬ ಗುಮಾಸ್ತರಂತೂ "ನೀವು ಆ ಕಡೆಯವರಾ?" ಅಂತ ಕೇಳಿಬಿಟ್ಟರು. ನಮ್ಮಜ್ಜ ನಿಜಾಮರ ಕಾಲದಲ್ಲೂ ಇದೇ ಓಣಿಯಲ್ಲಿದ್ದರು, 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದಾಗಲೂ ಇಲ್ಲೇ ಇದ್ದರು. ಮನೇಲಿ ದಖನಿ (ನಮ್ಮ ಕಡೆಯ ಉರ್ದು) ಮಾತಾಡಿದ್ರೂ ಓದಿದ್ದು, ಬರೆಯೋದು ಎಲ್ಲ ಕನ್ನಡವೇ. ಮತ್ಯಾವ ಕಡೆಯವರು ನಾವು?

ಮದುವೆ ಸರ್ಟಿಫಿಕೇಟನ್ನು ವಕ್ಫ್ ಮಂಡಳಿಯೇ (ಮುಸ್ಲಿಮರ ಧಾರ್ಮಿಕ ದತ್ತಿ ಆಸ್ತಿ ನೋಡಿಕೊಳ್ಳೋ ಸಂಸ್ಥೆ) ಕೊಡಲಿ ಅಂತ 2023ರಲ್ಲಿ ನಮ್ಮ ರಾಜ್ಯ ಸರ್ಕಾರ ಆದೇಶ ಮಾಡಿತ್ತು. 2024ರ ನವೆಂಬರ್‌ನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಗಡಿ ಆಚೆ ತೆಲಂಗಾಣದಲ್ಲಿ ವಕ್ಫ್ ಮಂಡಳಿ ಕೊಡುತ್ತೆ. ಒಂದೇ ಬೀಗರು, ಎರಡು ಕಾನೂನು, ಅಲ್ವಾ? ಅದಕ್ಕೇ ಈಗ ಮದುವೆ ಆಗೋರಿಗೆಲ್ಲ ಹೇಳ್ತೀನಿ, ನಿಕಾಹ್ ಆದ ಕೂಡಲೇ ಸಬ್ ರಿಜಿಸ್ಟ್ರಾರ್ ಹತ್ತಿರ ಹೋಗಿ 1976ರ ಕಾಯ್ದೆ ಪ್ರಕಾರ ನೋಂದಣಿ ಮಾಡಿಸಿ, ಹೆಸರನ್ನು ಆಧಾರ್‌ನಲ್ಲಿ ಇದ್ದ ಹಾಗೇ ಬರೆಸಿ.